ಯಾರೂ ಹಾಡದ ಕ್ಯಾಸೆಟ್ಟು

ಹೋದ ತಿಂಗಳು ಹುಮನಾಬಾದಿನ ಕಡೆ ಒಂದು ಮದುವೆಗೆ ಹೊರಟಿದ್ದೆ. ಬಸ್ಸು ಕಮಲಾಪುರದಲ್ಲಿ ನಿಂತಾಗ ಹೆಣ್ಣುಮಗಳೊಬ್ಬಳು ಬುಟ್ಟಿ ತುಂಬ ಕೆಂಪು ಬಾಳೆಹಣ್ಣು ಹೊತ್ತು ಹತ್ತಿದಳು, ನನ್ನ ಕಾಲ ಬಳಿಯೇ ಇಳಿಸಿದಳು. ಆ ಹಣ್ಣಿನ ವಾಸನೆ ಬೇರೆ ಬಾಳೆಹಣ್ಣಿನ ಹಾಗಿರುವುದಿಲ್ಲ, ತುಸು ಬೆಲ್ಲದ ಕಡೆಗೆ ವಾಲಿದ ಮಂದ ವಾಸನೆ. ಪಕ್ಕದಲ್ಲಿದ್ದ ನಾದಿನಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಬಗ್ಗಿ ಬಗ್ಗಿ ಉಸಿರೆಳೆದುಕೊಂಡೆ. ಈ ವಾಸನೆ ಬಂದರೆ ಸಾಕು, ಅವ್ವ ದನಿ ಕಳೆದುಕೊಂಡ ವರ್ಷ ಹಾಗೆಯೇ ಎದ್ದು ಬರುತ್ತದೆ.

ಎಂಬತ್ತರ ದಶಕದ ಕೊನೆಯ ಮಾತು. ಕಲಬುರಗಿಯನ್ನು ನಾವೆಲ್ಲ ಆಗ ಗುಲಬರ್ಗಾ ಅಂತಲೇ ಬರೆಯುತ್ತಿದ್ದೆವು. ಮನೆ ಬ್ರಹ್ಮಪುರದಲ್ಲಿ; ಒಳಗೆ ಅರ್ಧ ಮರಾಠಿ, ಅರ್ಧ ಕನ್ನಡ. ನಮ್ಮವ್ವ ಸುಶೀಲಾಬಾಯಿ ಕಮಲಾಪುರದ ಒಂದು ಖಾಸಗಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಂಗೀತ ಕಲಿಸುವ ಬಾಯಾರು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಯಾವಳೋ ಹುಡುಗಿ ಕೊಟ್ಟ ಕೆಂಪು ಬಾಳೆಹಣ್ಣನ್ನು ಚೀಲದಲ್ಲಿ ಹಾಕಿಕೊಂಡು ಬರುವುದು. ಶನಿವಾರ ಓಣಿಯ ಹೆಂಗಸರ ಭಜನಿ ಮಂಡಳಿಗೂ ಅವ್ವನೇ ಮುಂದು. ಅಲ್ಲಿಯ ರಿವಾಜು ಎಂದರೆ ಒಬ್ಬರು ಸಾಲು ಎತ್ತಿಕೊಡಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು. ಎತ್ತಿಕೊಡುವ ದನಿ ಅವ್ವನದು. ಆ ದನಿಗೆ ಮೈಕು ಬೇಕಿರಲಿಲ್ಲ. ನಾನು ಕೊನೆಯ ಸಾಲಿನಲ್ಲಿ ಕೂತು ಬಾಯಿ ಮಾತ್ರ ಆಡಿಸುತ್ತಿದ್ದೆ, ಏಕೆಂದರೆ ದೇವರು ನನಗೆ ನಾಲಿಗೆ ಧಾರಾಳವಾಗಿ ಕೊಟ್ಟಿದ್ದ, ಕಂಠವನ್ನು ಮರೆತಿದ್ದ.

ಆ ಬೇಸಿಗೆಯಲ್ಲಿ ಅವ್ವನ ಕುತ್ತಿಗೆಯ ಗಡ್ಡೆಗೆ ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಜೀವಕ್ಕೇನೂ ಆಗಲಿಲ್ಲ, ದನಿ ಮಾತ್ರ ತಿರುಗಿ ಬರಲಿಲ್ಲ. ಬರೀ ಗಾಳಿ ಬರುತ್ತಿತ್ತು, ಅದರಲ್ಲಿ ಕಿವಿಗೊಟ್ಟು ಕೇಳಿದರೆ ಮಾತಿತ್ತು. ಜೇವರ್ಗಿ ಕಾಲೋನಿಯ ಡಾಕ್ಟರು ಒಂದಷ್ಟು ದಿನ ಕಾಯೋಣ ಅಂದರು, ಆಮೇಲೆ ಇನ್ನು ಇಷ್ಟೇ ಅಂದರು. ಅವ್ವ ಅಳಲಿಲ್ಲ. ಮನೆಗೆ ಬಂದವಳೇ ರೇಡಿಯೋದ ವೈರು ಕಿತ್ತು ಸುತ್ತಿ, ರೇಡಿಯೋವನ್ನೇ ಅಟ್ಟದ ಮೇಲೆ ಇಟ್ಟಳು. ಯಾರ ಹಾಡು ಕೇಳಿದರೂ ಅವಳಿಗೆ ಗಂಟಲಲ್ಲಿ ಮುಳ್ಳಾಡಿದಂತಾಗುತ್ತಿತ್ತು. ಮಂಡಳಿಯ ಹೆಂಗಸರು ಒಂದು ಶನಿವಾರ ಬಂದು, ಎತ್ತಿಕೊಡುವವರಿಲ್ಲದೆ ಸುಮ್ಮನೆ ಕೂತು, ಅವಲಕ್ಕಿ ತಿಂದು ಹೋದರು.

ಜೂನಿನಲ್ಲಿ ಶಾಲೆ ಶುರುವಾಯಿತು. ಬಿ.ಎ. ಪರೀಕ್ಷೆ ಬರೆದು ವರ ಬರುವ ದಾರಿ ಕಾಯುತ್ತ ಮನೆಯಲ್ಲಿದ್ದ ನಾನು ಅವ್ವನ ಬಾಯಾಗಿ ಜೊತೆಗೆ ಹೊರಟೆ. ಶಾಲೆಯ ಸೆಕ್ರೆಟರಿ ಮಲ್ಲಣ್ಣ ಸಾವಕಾರರು ದೊಡ್ಡ ಬಾಳೆತೋಟದವರು, ತಲೆಗೆ ರುಮಾಲು, ಕೆಟ್ಟ ಮನುಷ್ಯರಲ್ಲ. ಚಹಾ ತರಿಸಿ, ಅವ್ವನ ಆರೋಗ್ಯ ವಿಚಾರಿಸಿ, ಬಹಳ ಹೊತ್ತು ರುಮಾಲು ಸರಿಮಾಡಿಕೊಂಡು ಕೊನೆಗೆ ಹೇಳಿದರು: "ತಪ್ಪು ತಿಳ್ಕೋಬ್ಯಾಡ್ರಿ ಬಾಯಾರ. ಹಾಡು ಕಲಸವರಿಗಿ ದನಿನೇ ಇಲ್ಲಂದ್ರ ಹ್ಯಾಂಗ್ರಿ? ಹೊಲಿಗಿ ಕ್ಲಾಸ್ ತಗೋರಿ. ಪಗಾರ ಏನೂ ಕಮ್ಮಿ ಆಗಂಗಿಲ್ಲ."

ಅವ್ವ ನನ್ನ ಕಿವಿಗೆ ಹೇಳಿದಳು, ನಾನು ಗಟ್ಟಿಯಾಗಿ ಹೇಳಿದೆ: "ಹೊಲಿಗಿ ನನಗ ಬರಂಗಿಲ್ಲ. ನನಗ ಬರೂದು ಹಾಡು, ಅದನ್ನೇ ಕಲಸ್ತೀನಿ."

ಸಾವಕಾರರು ನಿಟ್ಟುಸಿರು ಬಿಟ್ಟರು. ಜನವರಿಯ ಗ್ಯಾದರಿಂಗಿನ, ಅಂದರೆ ಶಾಲೆಯ ವಾರ್ಷಿಕೋತ್ಸವದ, ತನಕ ನೋಡೋಣ ಅಂದರು. ಪಾಲಕರ ಎದುರು ಹುಡುಗಿಯರು ಸರಿಯಾಗಿ ಹಾಡಿದರೆ ಸೈ, ಇಲ್ಲದಿದ್ದರೆ ಗುಲಬರ್ಗಾದಿಂದ ಬೇರೆಯವರನ್ನು ಕರೆಸುವುದು, ಅವ್ವ ಹೊಲಿಗೆ ಯಂತ್ರದ ಮುಂದೆ ಕೂರುವುದು. ಅವ್ವ ತಲೆ ಆಡಿಸಿ ಒಪ್ಪಿಕೊಂಡು ಎದ್ದಳು. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನನಗೆ ಸಿಟ್ಟಿನಲ್ಲಿ ಕಾಲು ನಿಲ್ಲುತ್ತಿರಲಿಲ್ಲ, ಅವಳು ಮಾತ್ರ ಏನೋ ಲೆಕ್ಕ ಹಾಕುವವಳ ಹಾಗೆ ನೆಲ ನೋಡುತ್ತ ಬಂದಳು.

ಹೇಳಿದಷ್ಟು ಸುಲಭವಿರಲಿಲ್ಲ. ಮೊದಲ ವಾರದಲ್ಲೇ ಗೊತ್ತಾಯಿತು, ಹುಡುಗಿಯರಿಗೆ ಎತ್ತಿಕೊಡುವ ದನಿ ಇಲ್ಲದೆ ಬಾಯಿಯೇ ತೆರೆಯಲು ಬರುವುದಿಲ್ಲ. ಅವ್ವ ಹಾರ್ಮೋನಿಯಂ ಮೇಲೆ ಸಾಲು ನುಡಿಸುತ್ತಿದ್ದಳು, ಅವರು ಅವಳ ಮುಖ ನೋಡುತ್ತ ಕೂರುತ್ತಿದ್ದರು. ನಾನು ಮಧ್ಯೆ ನಿಂತು ಅವ್ವ ಪಿಸುಗುಟ್ಟಿದ್ದನ್ನು ಕೂಗಿ ಹೇಳುತ್ತಿದ್ದೆ, ಮೇಲೆ ನನ್ನದೂ ನಾಲ್ಕು ಮಾತು ಸೇರಿಸುತ್ತಿದ್ದೆ. ಅವಳು "ಇನ್ನೊಮ್ಮೆ" ಅಂದರೆ ನಾನು "ಇನ್ನೊಮ್ಮೆ ಹೇಳ್ರೇ, ಮಣ್ಣು ತಿಂದವರಂಗ ಕೂಡಬ್ಯಾಡ್ರಿ" ಅನ್ನುತ್ತಿದ್ದೆ. ಅವ್ವ ಸೀರೆಯ ಮರೆಯಲ್ಲಿ ನನಗೆ ಚಿವುಟುತ್ತಿದ್ದಳು.

ಮಳೆ ಹಿಡಿದ ಹೊತ್ತಿಗೆ ಹೈದರಾಬಾದಿನಿಂದ ಪಾಂಡು ಮಾಮಾ ಬಂದ. ಅವ್ವನ ತಮ್ಮ, ಇಂಗ್ಲಿಷ್ ಸಿನಿಮಾದ ಹುಚ್ಚ. ಕಂಕುಳಲ್ಲಿ ಒಂದು ದೊಡ್ಡ ರೆಕಾರ್ಡು ತಂದಿದ್ದ. ಹೊದಿಕೆಯ ಮೇಲೆ ಕಪ್ಪು ಆಕಾಶ, ಅದರಲ್ಲಿ ಸೂಜಿಯಷ್ಟು ಸಣ್ಣ ಹಡಗು, ದೂರದಲ್ಲಿ ಬಳೆ ತೊಟ್ಟ ಗ್ರಹ. ಗ್ರಹದಿಂದ ಗ್ರಹಕ್ಕೆ ಹೋಗುವವರ ಸಿನಿಮಾವಂತೆ, ಅದಕ್ಕೆ ನೂರಾರು ವಾದ್ಯಗಳವರು ಕೂಡಿ ನುಡಿಸಿದ್ದಂತೆ. ಅಕ್ಕ ರೇಡಿಯೋ ಅಟ್ಟಕ್ಕೆ ಹಾಕಿದ ಸುದ್ದಿ ಕೇಳಿ ಅಂಗಡಿ ಅಂಗಡಿ ಹುಡುಕಿ ತಂದಿದ್ದೇನೆ ಅಂದ, "ಇದರಾಗ ಒಬ್ಬರೂ ಬಾಯಿ ತೆರಿಯಂಗಿಲ್ಲಕ್ಕ" ಅಂದ. ಆಕಾಶದಲ್ಲಿ ಗಾಳಿಯೇ ಇಲ್ಲ, ಅಲ್ಲಿ ಬಾಜಾ ಹೇಗೆ ಕೇಳಿಸುತ್ತದೆ ಎಂದು ಅವ್ವ ಪಿಸುದನಿಯಲ್ಲೇ ಚೇಷ್ಟೆ ಮಾಡಿದಳು. ಆಪರೇಷನ್ ಆದ ಮೇಲೆ ಅವಳು ಚೇಷ್ಟೆ ಮಾಡಿದ್ದು ಅದೇ ಮೊದಲು, ಹಾಗಾಗಿ ನಾವೆಲ್ಲ ಬೇಕಾದ್ದಕ್ಕಿಂತ ಹೆಚ್ಚು ನಕ್ಕೆವು.

ರೆಕಾರ್ಡು ಹಾಕುವ ಯಂತ್ರ ನಮ್ಮಲ್ಲಿರಲಿಲ್ಲ, ಇದ್ದದ್ದು ಒಂದು ಟೇಪ್ ರೆಕಾರ್ಡರು. ಆಗ ಶಹಾಬಜಾರದ ಸಂದಿಯಲ್ಲಿ ಮೆಹಬೂಬ ಭಾಯಿಯವರ ರೆಕಾರ್ಡಿಂಗ್ ಅಂಗಡಿ ಇತ್ತು. ರೆಕಾರ್ಡು ಕೊಟ್ಟರೆ ಕ್ಯಾಸೆಟ್ಟಿಗೆ ಇಳಿಸಿಕೊಡುತ್ತಿದ್ದರು. ಮನೆಯಲ್ಲಿ ಬೇಡವಾದ ಹಳೆಯ ಕ್ಯಾಸೆಟ್ಟು ಇದ್ದರೆ ಅದರ ಮೇಲೆಯೇ ಹೊಸದನ್ನು ತುಂಬಿಸಿಕೊಳ್ಳುವುದು ಎಲ್ಲರ ಮನೆಯ ರೂಢಿ. ಅವ್ವ ತಾನೇ ಒಂದು ಕ್ಯಾಸೆಟ್ಟು ತೆಗೆದುಕೊಂಡು ಹೋಗಿ ಕೊಟ್ಟು ಬಂದಳು.

ಎರಡು ದಿನದ ಮೇಲೆ ಕ್ಯಾಸೆಟ್ಟು ಬಂತು. ಹಾಕಿಕೊಂಡು ಕೂತೆವು. ಒಂದು ಪಿಟೀಲು ಮೆಲ್ಲಗೆ ಹೊರಟಿತು. ಅದರ ಕೆಳಗೆ ಇನ್ನೇನೋ ಬೇರೆ ಕಡೆಗೆ ಹೊರಟಿತು. ಇವೆರಡರ ನಡುವೆ ತುತ್ತೂರಿಯಂಥದ್ದು ಮೂರನೆಯದೇ ಒಂದನ್ನು ಶುರು ಮಾಡಿತು. ಅವ್ವನ ಹುಬ್ಬು ಗಂಟಿಕ್ಕಿತು. ಬಟನ್ ಒತ್ತಿ ನಿಲ್ಲಿಸಿ, ಮೆಹಬೂಬ ಭಾಯಿ ಹಳೆಯದನ್ನು ಸರಿಯಾಗಿ ಅಳಿಸಿಯೇ ಇಲ್ಲ, ಒಂದರ ಮೇಲೊಂದು ಹತ್ತಿ ಕೂತಿವೆ ಅಂದಳು. ನನಗೂ ಅದೇ ಖರೆ ಅನ್ನಿಸಿತು. ಹುಟ್ಟಿದಾಗಿನಿಂದ ನಾವು ಕೇಳಿದ ಹಾಡಿನಲ್ಲೆಲ್ಲ ಎಷ್ಟೇ ಜನ ಇರಲಿ, ದಾರಿ ಒಂದೇ ಇರುತ್ತಿತ್ತು.

ಮಧ್ಯಾಹ್ನದ ಬಿಸಿಲಲ್ಲಿ ಜಗಳಕ್ಕೆಂದೇ ಶಹಾಬಜಾರಕ್ಕೆ ಹೋದೆವು. ಮೆಹಬೂಬ ಭಾಯಿ ಮೊದಲೇ ಕೈ ಮುಗಿದರು. "ನನಗ ಭೀ ಹಂಗೇ ಅನಸ್ತು ಬಾಯಿ. ಮಶೀನ್ ಸಾಫ್ ಮಾಡಿ ಇನ್ನೊಂದ್ ಸಲ ಭರ್ತಿ ಮಾಡೀನಿ. ಹಂಗೇ ಬರ್ಲತ್ತದ, ಏನ್ ಮಾಡ್ಲಿ." ಮತ್ತೆ ಅವರೇ ಕೇಳಿದರು, ಹಳೆಯದರಲ್ಲಿ ಬಾಯಿಯವರದೇ ಭಜನೆ ಇತ್ತಲ್ಲ, ಅಷ್ಟು ಚಲೋ ದನಿ ಅಳಿಸುವಾಗ ಕೈ ಬರಲಿಲ್ಲ ನನಗೆ, ಖರೇನೇ ಬೇಡವಾಗಿತ್ತೇ ಅಂತ.

ನನಗೆ ಆಗ ತಿಳಿಯಿತು. ರಾಮನವಮಿಗೆ ಮಂಡಳಿಯವರು ತುಂಬಿಸಿಟ್ಟಿದ್ದ ಕ್ಯಾಸೆಟ್ಟು ಅದು, ಅವ್ವನ ದನಿ ಇದ್ದದ್ದು ಅದೊಂದರಲ್ಲೇ. ಅಂಗಡಿ ಅನ್ನುವುದನ್ನೂ ಮರೆತು ಅವಳ ಮೇಲೆ ಹರಿಹಾಯ್ದೆ. ನಮಗೊಂದು ಮಾತು ಕೇಳಬಾರದಿತ್ತೇ, ನಿನ್ನ ದನಿ ನಿನಗೊಬ್ಬಳಿಗೇ ಸೇರಿದ್ದೇ ಅಂದೆ. ಅವಳು ನನ್ನನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಹೇಳಿದಳು: "ಅದನ್ನ ಹಚ್ಚಿಕೊಂಡು ದಿನಾ ಅಳಕೋತ ಕೂಡ್ಲೇನು? ನನಗ ಕೆಲಸ ಅದ." ನನಗೆ ಇವತ್ತಿಗೂ ಆ ಕ್ಯಾಸೆಟ್ಟಿನ ಸಂಕಟ ಹೋಗಿಲ್ಲ. ಅವಳಿಗೆ ಇರಲಿಲ್ಲ ಎಂದರೆ ನಾನು ನಂಬುವುದಿಲ್ಲ, ಆದರೆ ಅವಳು ತೋರಿಸಲಿಲ್ಲ.

ಮೆಹಬೂಬ ಭಾಯಿ ರೆಕಾರ್ಡನ್ನೇ ನೇರ ಹಾಕಿ ತೋರಿಸಿದರು. ಅದೇ ಬಂತು, ಮೂರು ದಾರಿ. ಅವ್ವ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದಳು. ಒಂದು ಕೈಯ ಬೆರಳು ಪಿಟೀಲಿನ ಹಿಂದೆ ಹೋಯಿತು, ಅದು ಮುಗಿದ ಮೇಲೆ ಸೂಜಿ ಹಿಂದಕ್ಕಿಡಿರಿ ಎಂದು ಸನ್ನೆ ಮಾಡಿದಳು. ಈ ಸಲ ಬೆರಳು ಕೆಳಗಿನ ದಪ್ಪ ವಾದ್ಯದ ಹಿಂದೆ ಹೋಯಿತು. ಮತ್ತೊಮ್ಮೆ ಹಿಂದಕ್ಕೆ, ಈಗ ತುತ್ತೂರಿ. ಗಿರಾಕಿಗಳು ಬಂದು ನಿಂತರು, ಹೋದರು. ಮೆಹಬೂಬ ಭಾಯಿ ಚಹಾ ತರಿಸಿದರು, ಅದು ಕೆನೆಗಟ್ಟಿತು. ಕೊನೆಗೆ ಅವ್ವ ಕಣ್ಣು ತೆರೆದಾಗ ಮುಖ ಬೇರೆಯೇ ಆಗಿತ್ತು. ರಸ್ತೆಗೆ ಇಳಿದ ಮೇಲೆ ನನ್ನ ಭುಜ ಹಿಡಿದು ನಿಲ್ಲಿಸಿದಳು.

"ಅಲ್ಲಿ ಯಾರೂ ಎತ್ತಿಕೊಡವಲ್ರು," ಅಂದಳು. "ಯಾರೂ ಯಾರ ಹಿಂದನೂ ಹೋಗವಲ್ರು. ಆದ್ರೂ ಕೂಡೇ ಇದ್ದಾರ. ನನ್ನ ಹುಡುಗೇರಿಗಿ ಇದೇ ಕಲಸ್ತೀನಿ."

ಆಮೇಲಿನ ತಿಂಗಳುಗಳನ್ನು ನೆನೆದರೆ ನನಗೆ ಕಾಣುವುದು ಕೆಲಸ, ಬರೀ ಕೆಲಸ. ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ಒಂದು ನಿಧಾನದ ಭಾಗವಿತ್ತು. ಹಡಗು ಊರು ಬಿಟ್ಟು ಹೋಗುವಾಗ ಬರುವುದು ಎಂದು ಮಾಮಾ ಹೇಳಿದ್ದ. ಅದರ ಮೂರು ದಾರಿಗಳನ್ನು ಅವ್ವ ಹಾರ್ಮೋನಿಯಂ ಮೇಲೆ ಬಿಡಿಸಿ ಬಿಡಿಸಿ ತೆಗೆದಳು. ಕ್ಯಾಸೆಟ್ಟನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಟೇಪ್ ರೆಕಾರ್ಡರಿನ ಬಟನ್ನು ಮುರಿಯಿತು, ಅಲ್ಲಿಂದ ಮುಂದೆ ಅದನ್ನು ಚಮಚದ ಹಿಡಿಯಿಂದ ಒತ್ತುತ್ತಿದ್ದಳು. ಮಾತಿಲ್ಲದ ಸಂಗೀತ, ಹುಡುಗಿಯರು ಸಾರಿಗಮದಲ್ಲೇ ಹಾಡಬೇಕು. ದನಿ ಎಷ್ಟು ಏರಬೇಕೆಂದು ಅವ್ವ ಅಂಗೈಯ ಎತ್ತರದಲ್ಲಿ ತೋರಿಸುತ್ತಿದ್ದಳು. ಸೊಂಟದ ಬಳಿ ಕೈ ಇದ್ದರೆ ಕೆಳಗಿನ ಸಾ, ಹಣೆಯ ಬಳಿ ಬಂದರೆ ಮೇಲಿನದು. ಕೈ ಇಳಿಸುವ ತನಕ ಉಸಿರು ಕದ್ದು ತೆಗೆದುಕೊಂಡಾದರೂ ದನಿ ಹಿಡಿದಿರಬೇಕು.

ಹುಡುಗಿಯರನ್ನು ಮೂರು ಗುಂಪು ಮಾಡಿ ಕೆಳಗಿನ, ನಡುವಿನ, ಮೇಲಿನ ದಾರಿಯನ್ನು ಒಂದೊಂದಕ್ಕೆ ಹಂಚಿದಳು. ಬೇರೆ ಬೇರೆ ಕಲಿಸಿದಾಗ ಎಲ್ಲ ಸರಿ. ಕೂಡಿಸಿದ ಕೂಡಲೇ ಕೆಳಗಿನ ಗುಂಪು ಮೇಲಿನದರ ಹಿಂದೆ ಓಡುತ್ತಿತ್ತು, ನಡುವಿನದು ಯಾವುದು ಜೋರಿದೆಯೋ ಅದರ ಹಿಂದೆ. ಅವರದೇನು ತಪ್ಪು, ಹುಟ್ಟಿದಾಗಿನಿಂದ ಎತ್ತಿಕೊಟ್ಟವರ ಹಿಂದೆ ಹೋಗಿಯೇ ಅಭ್ಯಾಸ. ಅವ್ವ ಒಂದು ವಾರ ಯೋಚಿಸಿ, ಮೂರು ಗುಂಪುಗಳನ್ನು ಶಾಲೆಯ ಅಂಗಳದ ಮೂರು ಮೂಲೆಗೆ ನಿಲ್ಲಿಸಿದಳು. ತಾನು ನಡುವೆ ಬೇವಿನ ಗಿಡದ ಕೆಳಗೆ. ದೂರ ಇದ್ದಾಗ ಒಬ್ಬರ ದನಿ ಒಬ್ಬರನ್ನು ಎಳೆಯಲಿಲ್ಲ. ದಿನಾ ಎರಡೆರಡು ಹೆಜ್ಜೆ ಹತ್ತಿರ ಕರೆದಳು. ಎಳೆತ ಶುರುವಾದ ದಿನ ಮತ್ತೆ ಹಿಂದಕ್ಕೆ ಕಳಿಸಿದಳು. ಮೂರು ಕಡೆಯಿಂದ ಮೂರು ರಾಗ ಕೇಳಿ ಗಣಿತದ ಮಾಸ್ತರರು ಕಿಟಕಿ ಹಾಕಿಕೊಂಡರು. ಸುಶೀಲಾಬಾಯಿಗೆ ದನಿಯ ಜೊತೆ ಕಿವಿಯೂ ಹೋಗಿದೆ ಎಂಬ ಮಾತು ಸ್ಟಾಫ್‌ರೂಮಿನಲ್ಲಿ ಎದ್ದಿತು. ಅದನ್ನು ಹೇಳಿದವರಿಗೆ ನಾನು ತಕ್ಕ ಶಾಸ್ತಿ ಮಾಡಿ ಬಂದೆ. ಅವ್ವ ಅದಕ್ಕೂ ಚಿವುಟಿದಳು.

ಹೊಲಗಳಲ್ಲಿ ತೊಗರಿ ಹಳದಿ ಹೂ ಬಿಟ್ಟಿತ್ತು. ಒಂದು ಬೆಳಿಗ್ಗೆ ಬಸ್ಸಿಗೆ ಹೊರಡಲು ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅವ್ವ ಅಡ್ಡ ನಿಂತು, ಇವತ್ತಿನಿಂದ ನೀನು ಬರಬೇಡ ಅಂದಳು. ನನಗೆ ಅರ್ಥವಾಗಲಿಲ್ಲ. ನೀನು ಕೂಗುವ ತನಕ ಅವರು ನನ್ನ ಕೈ ನೋಡುವುದಿಲ್ಲ, ನಿನ್ನ ಬಾಯಿಯನ್ನೇ ಕಾಯುತ್ತಾರೆ ಅಂದಳು. ನನಗೆ ಬಹಳ ನೋವಾಯಿತು. ಐದು ತಿಂಗಳು ಅವಳ ಬಾಯಾಗಿ ತಿರುಗಿದ್ದಕ್ಕೆ ಇದೇನು ಬಹುಮಾನ ಅನ್ನಿಸಿ ಒಂದು ವಾರ ಮುಖ ಊದಿಸಿಕೊಂಡಿದ್ದೆ. ಅವಳು ಒಬ್ಬಳೇ ಹೋದಳು, ಒಬ್ಬಳೇ ಬಂದಳು. ಸುಸ್ತಾಗಿ ಬಂದು ಹಾಗೇ ಗೋಡೆಗೆ ಒರಗುತ್ತಿದ್ದಳು. ಹೇಗೆ ನಡೆದಿದೆ ಎಂದು ಕೇಳಿದರೆ ಅಂಗೈಯನ್ನು ಅಷ್ಟು ಇಷ್ಟು ಎಂದು ಆಡಿಸುತ್ತಿದ್ದಳು.

ಜನವರಿ ಬಂತು, ಗ್ಯಾದರಿಂಗ್ ಬಂತು. ಅಪ್ಪನ ಜೊತೆ ನಾನೂ ಹೋಗಿ ಶಾಮಿಯಾನದ ಕೆಳಗೆ ಪಾಲಕರ ನಡುವೆ ಕೂತೆ. ಅಪ್ಪ ತಮ್ಮ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂಡುತ್ತಿದ್ದರು. ಭಾಷಣ ಮುಗಿದವು, ಬಹುಮಾನ ಹಂಚಿದರು, ಕೋಲಾಟ ಆಯಿತು. ಆಮೇಲೆ ಬಿಳಿ ರಿಬ್ಬನ್ನಿನ ಹುಡುಗಿಯರು ಬಂದು ಮೂರು ಸಾಲಾಗಿ, ಭುಜಕ್ಕೆ ಭುಜ ಹತ್ತಿಸಿ ನಿಂತರು. ಅವ್ವ ಅವರ ಎದುರು, ಜನಕ್ಕೆ ಬೆನ್ನು ಮಾಡಿ ನಿಂತಳು. ಅದೇ ಕೆಲವರಿಗೆ ಸರಿ ಕಾಣಲಿಲ್ಲ.

ಕೆಳಗಿನ ಸಾಲು ಸಾ ಹಿಡಿಯಿತು. ನಡುವಿನ ಸಾಲು ಅದರ ಮೇಲೆ ಬೇರೆಯದನ್ನೇ ಎತ್ತಿತು. ನನ್ನ ಹಿಂದಿದ್ದ ಗಂಡಸೊಬ್ಬ, ತಪ್ಪಿತು ನೋಡು, ಅಂತ ನಕ್ಕ. ಮೇಲಿನ ಸಾಲೂ ಬಂತು. ಬಂದ ಸ್ವಲ್ಪ ಹೊತ್ತಿಗೇ ಅದು ಜಾರಿತು. ನನಗೆ ಗೊತ್ತಾಯಿತು, ಕ್ಯಾಸೆಟ್ಟನ್ನು ಅಷ್ಟು ಸಲ ಕೇಳಿದ್ದೆ. ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿ ಒಬ್ಬೊಬ್ಬರಾಗಿ ಹಾಡುವುದನ್ನೇ ನಿಲ್ಲಿಸಿಬಿಟ್ಟರು. ಹಿಂದಿನ ಅವ್ವನಾಗಿದ್ದರೆ ಅಲ್ಲೇ ತನ್ನ ದೊಡ್ಡ ದನಿ ತೆಗೆದು ಎತ್ತಿಕೊಟ್ಟು ಸಾಲನ್ನು ದಾರಿಗೆ ಹಚ್ಚುತ್ತಿದ್ದಳು. ಈಗ ಕೆಳಗಿನವರಿಗೆಂದು ಸೊಂಟದ ಬಳಿ ಹಿಡಿದ ಕೈ ಹಾಗೇ ಇತ್ತು, ನಡುವಿನವರಿಗೆಂದು ಎದೆಯ ಬಳಿ ಹಿಡಿದದ್ದೂ ಹಾಗೇ ಇತ್ತು. ಕೆಳಗಿನವರು, ನಡುವಿನವರು ಕದಲಲಿಲ್ಲ. ಉಸಿರು ಕದ್ದು ಕದ್ದು ಹಿಡಿದೇ ಇದ್ದರು. ಅವರ ಮೇಲೆ ಕಾಲಿಟ್ಟು ಮೇಲಿನ ಸಾಲಿನ ಒಬ್ಬಳು ತನ್ನ ಜಾಗ ಹುಡುಕಿಕೊಂಡಳು, ಅವಳ ಪಕ್ಕದವಳು ಬಂದಳು, ಆಮೇಲೆ ಎಲ್ಲರೂ. ಮೂರೂ ಕೂಡಿದಾಗ ನಾನು ಅಳುತ್ತಿದ್ದೆ. ಮನುಷ್ಯರ ದನಿಯಲ್ಲಿ ಅಂಥದ್ದನ್ನು ಆ ನಕ್ಕ ಗಂಡಸು ಹಿಂದೆ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮುಗಿದಾಗ ಇನ್ನೂ ಹಾಡು ಶುರುವಾಗುವುದಿದೆಯೋ ಏನೋ ಎಂದು ಜನ ಕಾದರು, ಆಮೇಲೆ ಚಪ್ಪಾಳೆ ಬಂತು.

ಕಾರ್ಯಕ್ರಮ ಮುಗಿದ ಮೇಲೆ ಮಲ್ಲಣ್ಣ ಸಾವಕಾರರು ಕೊರಳಿನ ಹಾರ ತೆಗೆಯುತ್ತ ನಮ್ಮ ಕಡೆ ಬಂದರು, ಬಹಳ ಖುಷಿಯಲ್ಲಿದ್ದರು. ಬಂದವರೇ ನನ್ನ ತಲೆಯ ಮೇಲೆ ಕೈ ಇಟ್ಟು ಹೇಳಿದರು: "ಶಾಬಾಸ್ ತಂಗಿ. ಅವ್ವನ ಹೆಸರು ಉಳಿಸ್ದಿ. ಬಾಯಾರ, ಸಂಗೀತದ ನೌಕರಿ ನಿಮ್ಮ ಮಗಳಿಗೇ ಕೊಡ್ತೀನಿ. ಮನ್ಯಾಗೇ ಉಳಿತದ."

ಅವ್ವನ ಮುಖ ಬಿಳಿಚಿತು. ನಾನು ಗಡಬಡಿಸಿ ಹೇಳಿದೆ, ನನಗೆ ಸಾ ಯಾವುದು ಪಾ ಯಾವುದು ಗೊತ್ತಿಲ್ಲ, ನಾನು ಇಲ್ಲಿ ಕಾಲಿಡದೆ ಎರಡು ತಿಂಗಳಾಯಿತು, ಕಲಿಸಿದ್ದೆಲ್ಲ ಅವ್ವನೇ. ಅವರು ಅದನ್ನು ವಿನಯ ಎಂದುಕೊಂಡರು. ನಾನು ಅಲ್ಲೇ ಒಂದು ಸಾಲು ಹಾಡಿ ತೋರಿಸಿದೆ. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು, ಅಪ್ಪ ಬೇರೆ ಕಡೆ ನೋಡಿದರು. ಸಾವಕಾರರಿಗೆ ಈಗ ನನ್ನ ಬಗ್ಗೆ ಹೇಳಿದ್ದರಲ್ಲಿ ನಂಬಿಕೆ ಬಂತು, ಅವ್ವನ ಬಗ್ಗೆ ಹೇಳಿದ್ದರಲ್ಲಿ ಬರಲಿಲ್ಲ.

"ಹಂಗಾದ್ರ ಯಾರ್ನರ ಕರಸಿರಬೇಕು," ಅಂದರು. "ದನಿ ಇಲ್ಲದೆ ಹಾಡು ಕಲಸೂದು ಅಂದ್ರ ಹ್ಯಾಂಗ ಖರೇ ಅನ್ಲಿ?"

ಅವ್ವ ನನ್ನ ಕಿವಿಯ ಹತ್ತಿರ ಬರಲಿಲ್ಲ. ಎರಡು ಚಪ್ಪಾಳೆ ತಟ್ಟಿದಳು. ತಿಂಡಿಯ ಪೊಟ್ಟಣ ಹಿಡಿದಿದ್ದ ಹುಡುಗಿಯರು ಅದನ್ನು ನೆಲಕ್ಕಿಟ್ಟು ಮೂರು ಸಾಲಾದರು. ಅವಳು ಸಾವಕಾರರ ತೋಳು ಹಿಡಿದು, ಹೌದು, ಊರಿಗೆ ದೊಡ್ಡವರ ತೋಳು ಹಿಡಿದು, ಕೆಳಗಿನ ಸಾಲಿನ ನಡುವೆ ನಿಲ್ಲಿಸಿದಳು. ಅವರ ಪಕ್ಕದಲ್ಲಿ ಅವರದೇ ಮೊಮ್ಮಗಳು ಮಹಾದೇವಿ ಇದ್ದಳು. ಅವ್ವ ಎದುರಿಗೆ ಬಂದು ಸೊಂಟದ ಬಳಿ ಅಂಗೈ ಹಿಡಿದಳು.

"ಸಾ ಅನ್ರಿ ತಾತಾ," ಅಂದಳು ಮಹಾದೇವಿ. "ಬಾಯಾರ ಕೈ ನೋಡ್ರಿ, ನನ್ನ ಕಡಿ ನೋಡಬ್ಯಾಡ್ರಿ."

ಸಾವಕಾರರು ಸುತ್ತ ನೋಡಿದರು. ಅರ್ಧ ಕಮಲಾಪುರ ನಿಂತು ನೋಡುತ್ತಿತ್ತು. ಬಾಯಿ ತೆರೆದರು. ಬಂದದ್ದು ಎತ್ತು ಹೊಡೆಯುವ ದನಿ. ಅವ್ವ ಅಂಗೈಯನ್ನು ಒಂದು ಬೆರಳಿನಷ್ಟು ಮೇಲೆತ್ತಿದಳು. ಅವರೂ ಏರಿದರು, ಹೆಚ್ಚು ಏರಿದರು. ಕೂದಲೆಳೆಯಷ್ಟು ಇಳಿಸಿದಳು. ಅವರು ಕಣ್ಣು ಕಿರಿದು ಮಾಡಿ ಆ ಕೈಯನ್ನೇ ನೋಡುತ್ತ ಇಳಿದರು, ಮತ್ತೆ ಇಳಿದರು, ಒಂದು ಕಡೆ ಬಂದು ನಿಂತರು. ನಿಂತದ್ದು ಅವರಿಗೂ ತಿಳಿಯಿತು. ಮುಖದ ಬಿಗಿ ಸಡಿಲಿತು. ಕೆಳಗಿನ ಸಾಲು ಅವರ ಜೊತೆ ಸೇರಿತು, ಅದರ ಮೇಲೆ ನಡುವಿನದು, ಅದರ ಮೇಲೆ ಕೊನೆಯದು.

ರುಮಾಲಿನ ಕೆಳಗೆ ಸಾವಕಾರರ ಹಣೆ ಬೆವರಿತು. ಉಸಿರು ಮುಗಿಯಿತು. ದಮ್ಮು ಎಳೆದುಕೊಂಡು, "ಆಯ್ತು ಬಾಯಾರ, ಒಪ್ಪಿದೆ, ನೌಕರಿ ನಿಮ್ಮದೇ. ಕೈ ಇಳಸ್ರಿ," ಅಂದರು.

ಹಾಡಿನ ಸಾಲು ಇನ್ನೂ ಮುಗಿದಿರಲಿಲ್ಲ. ಅವ್ವ ಕೈ ಇಳಿಸಲಿಲ್ಲ, ಕಣ್ಣಿಂದ ಅವರ ಜಾಗ ತೋರಿಸಿದಳು. ಸಾವಕಾರರು ಮತ್ತೆ ಸಾ ಹಿಡಿದರು.